ಹಾಲಲ್ಲಿ ಕೈ ಅದ್ದಿದವರಿಗಷ್ಟೇ ಬಾಗಿಲು

‘ನೀನು ಬೇಡ ಅಂದ್ರೆ ಈ ಬಾಗಿಲು ಯಾರಿಗೂ ತೆರೆಯಲ್ಲ, ನನಗೂ ಅಷ್ಟೆ.’ ನರ್ಸರಿಯ ಯಜಮಾನರು ಹೀಗೆ ಮಾತು ಕೊಟ್ಟಿದ್ದು ಬಹಳ ವರ್ಷಗಳ ಹಿಂದೆ, ರೋಗ ಬಡಿದ ಟೊಮೆಟೊ ಸಸಿಗಳನ್ನೆಲ್ಲ ಗುಂಡಿಗೆ ಸುರಿದ ದಿನ. ಕೊಟ್ಟಿದ್ದು ಸಸಿಮನೆಯ ಬಾಗಿಲು ಕಾಯುವ ಹಾಲಕ್ಕನಿಗೆ.

ಹಾಲಕ್ಕ ಎಂಬುದು ಕೆಲಸದವರು ಇಟ್ಟ ಹೆಸರು. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ, ಪ್ಲಾಸ್ಟಿಕ್ ಹೊದಿಕೆಯ ಸಸಿಮನೆಯ ಮುಂದೆ ಹಾಲಕ್ಕ ಬೇಸಿನ್‌ಗಳನ್ನು ಜೋಡಿಸುತ್ತಿದ್ದಾರೆ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಕೆನೆ ತೆಗೆದ ಹಾಲು. ಕೆಲಸಕ್ಕೆ ಬಂದವರು ಕೈ ಚಾಚಿ ಸಾಲಾಗಿ ನಿಲ್ಲುತ್ತಾರೆ. ಹಾಲಕ್ಕ ಬೆರಳುಗಳನ್ನು ಮೂಸುತ್ತಾರೆ.

‘ನಾನು ಸೇದಿಲ್ಲ ಕಣಕ್ಕ, ಪಕ್ಕದವನು ಸೇದ್ತಿದ್ದ.’

‘ಹೊಗೆ ಅವನದು, ಬೆರಳು ಯಾರದು? ಹೋಗು, ಇನ್ನೊಂದ್ಸಲ ಉಜ್ಜು.’

ಹೊಗೆಸೊಪ್ಪೂ ಟೊಮೆಟೊವೂ ಒಂದೇ ಕುಟುಂಬದ ಗಿಡಗಳು. ಹೊಗೆಸೊಪ್ಪಿಗೆ ತಗಲುವ ಒಂದು ವೈರಸ್ ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಕೆಡದೆ ಕೂರುತ್ತದೆ. ಬೀಡಿ, ಸಿಗರೇಟು ಹಿಡಿದ ಬೆರಳಿನಿಂದ ಸಸಿಗೆ ದಾಟುತ್ತದೆ. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರಿಲ್ಲ. ‘ನನ್ನ ಪ್ರತಿ ಮಾಡು’ ಎನ್ನುವ, ಪ್ರೋಟೀನಿನ ಅಂಗಿ ತೊಟ್ಟ ಒಂದೆಳೆ ಅಪ್ಪಣೆ, ಅಷ್ಟೆ. ಮಗು ಶಾಲೆಯಿಂದ ಹೊತ್ತು ತರುವ ನೆಗಡಿಯ ವೈರಸ್ಸಿಗೆ ನಮ್ಮ ಮೂಗಿನ ಜೀವಕೋಶಗಳಲ್ಲಿ ಹಿಡಿದುಕೊಳ್ಳಲು ಜಾಗವಿದೆ. ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಸೀನುವ ವಾರ ಹೆತ್ತವರಿಗೆಲ್ಲ ಗೊತ್ತು. ಗಿಡದ ಜೀವಕೋಶಕ್ಕೋ ಗಟ್ಟಿ ಗೋಡೆ. ಆ ಗೋಡೆಯನ್ನು ಈ ವೈರಸ್ ತಾನಾಗಿ ದಾಟಲಾರದು, ಯಾರಾದರೂ ಗಾಯ ಮಾಡಿಕೊಡಬೇಕು.

‘ಈ ಕಳ್ಳನಿಗೆ ಕನ್ನ ಕೊರೆಯೋಕೆ ಬರಲ್ಲ. ಕೊರೆದು ಕೊಡೋದು ನಮ್ ಉಗುರೇ’ ಎನ್ನುತ್ತಾರೆ ಹಾಲಕ್ಕ.

ಬೇಡದ ಕುಡಿಯನ್ನು ಚಿವುಟಿದರೆ, ಎಲೆಯ ಮೇಲಿನ ನವಿರು ರೋಮವೊಂದು ಮುರಿದರೆ ಸಾಕು. ಒಳಹೊಕ್ಕ ಎಳೆಯನ್ನು ಜೀವಕೋಶ ತನ್ನದೇ ಅಪ್ಪಣೆಯೆಂದು ನಂಬಿ, ಅದರ ಪ್ರತಿಗಳನ್ನು ಮಾಡುತ್ತ ಕೂರುತ್ತದೆ. ಪ್ರತಿಗಳು ಪಕ್ಕದ ಕೋಶಕ್ಕೆ, ಅಲ್ಲಿಂದ ಗಿಡವಿಡೀ ಹರಡುತ್ತವೆ. ಎಲೆ ಮಚ್ಚೆ ಬಿದ್ದು ಮುರುಟುತ್ತದೆ. ಮದ್ದಿಲ್ಲ, ಕಿತ್ತು ಹಾಕುವುದೊಂದೇ ದಾರಿ. ಹಾಲಿನ ಪ್ರೋಟೀನು ವೈರಸ್ಸಿಗೆ ಮೆತ್ತಿಕೊಂಡು ಅದರ ಕಾಟವನ್ನು ತಗ್ಗಿಸುತ್ತದೆ ಎಂದು ಹಿಂದೊಮ್ಮೆ ಬಂದಿದ್ದ ಗಿಡದ ಡಾಕ್ಟರಮ್ಮ ಹೇಳಿಕೊಟ್ಟಿದ್ದರು.

ಗುಂಡಿ ತೋಡಿದ ಆ ವರ್ಷ ರೋಗ ಒಳಬಂದದ್ದು ಹಾಲಕ್ಕನ ಗಂಡನ ಕೈಯಿಂದ. ಕುಡಿ ಚಿವುಟುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕೆಲಸದ ನಡುವೆ ಹೊಗೆಸೊಪ್ಪು ತಿಕ್ಕುವ ಚಟ. ಅವರ ಕೈ ಓಡಿದ ಸಾಲಿನಲ್ಲೇ ರೋಗವೂ ಓಡಿತು. ಅಂದಿನಿಂದ ಹಾಲಕ್ಕ ಅವರನ್ನು ಒಳಗೆ ಬಿಟ್ಟಿಲ್ಲ, ಅವರು ಹೊರಗಿನ ಪಂಪು ನೋಡಿಕೊಳ್ಳುತ್ತಾರೆ. ‘ಮನೇಲಿ ಗಂಡ, ಇಲ್ಲಿ ಹೊರಗಿನವನು’ ಎಂದು ತಾವೇ ನಗುತ್ತಾರೆ.

ಬಿಸಿಲೇರುವ ಹೊತ್ತಿಗೆ ಕಾರೊಂದು ಬಂದು ನಿಲ್ಲುತ್ತದೆ. ಯಜಮಾನರ ಜತೆ ಅವರ ಬೀಗರು, ಅಂದರೆ ಮಗಳ ಮಾವ. ಬೀಗರು ಸಿಗರೇಟನ್ನು ಕಾಲಲ್ಲಿ ಹೊಸಕಿ ನೇರ ಬಾಗಿಲಿಗೆ ಬರುತ್ತಾರೆ. ಹಾಲಕ್ಕ ಅಡ್ಡ ನಿಂತು ಬೇಸಿನ್ ತೋರಿಸುತ್ತಾರೆ.

‘ಹಾಲಿಗೆ ಕೈ ಹಾಕೋಕೆ ನಾನೇನು ಬೆಕ್ಕಾ?’

‘ಬೆಕ್ಕು ಸಿಗರೇಟು ಸೇದಲ್ಲ ಸ್ವಾಮಿ.’

ಬೀಗರ ಮುಖ ಕೆಂಪೇರುತ್ತದೆ. ಯಜಮಾನರು ಹಾಲಕ್ಕನನ್ನು ಪಕ್ಕಕ್ಕೆ ಕರೆಯುತ್ತಾರೆ. ‘ಇದೊಂದ್ಸಲ ಬಿಡಮ್ಮ. ಮಗಳು ಬಾಳೋ ಮನೆಯವರು. ಬೇಜಾರು ಮಾಡ್ಕೋತಾರೆ.’

‘ನನ್ ಗಂಡಂಗೂ ಬೇಜಾರಾಗಿತ್ತು ಯಜಮಾನ್ರೇ.’

ಯಜಮಾನರು ಆಕೆಯ ಭುಜದ ಮೇಲಿಂದ ಕೈ ಚಾಚಿ ತಾವೇ ಚಿಲಕ ಸರಿಸುತ್ತಾರೆ. ಬೀಗರು ಒಳಗೆ ಹೋಗಿ, ಮೊದಲ ಸಾಲಿನುದ್ದಕ್ಕೂ ಸಸಿಗಳ ತಲೆ ಸವರುತ್ತ, ಒಂದೆರಡು ಎಲೆ ಚಿವುಟಿ ಮೂಸುತ್ತಾರೆ. ಹಾಲಕ್ಕ ಆ ಕೈಯನ್ನೇ ನೋಡುತ್ತ ಹಿಂದೆ ನಡೆಯುತ್ತಾರೆ.

ಕಾರು ಅತ್ತ ಹೋದದ್ದೇ ತಡ, ಅವರು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮೊದಲ ಸಾಲನ್ನು ಕೀಳತೊಡಗುತ್ತಾರೆ. ಯಾರನ್ನೂ ಕೇಳುವುದಿಲ್ಲ. ಬೀಗರನ್ನು ಕಳಿಸಿ ಬಂದ ಯಜಮಾನರು ಬಾಗಿಲಲ್ಲೇ ನಿಲ್ಲುತ್ತಾರೆ.

‘ಒಂದು ಮಚ್ಚೇನೂ ಇಲ್ವಲ್ಲಮ್ಮ.’

‘ಮಚ್ಚೆ ಕಾಣೋ ಹೊತ್ತಿಗೆ ಇವು ಯಾರ್ಯಾರ ಹೊಲದಲ್ಲೋ ಇರ್ತವೆ. ಬೇಕಾದ್ರೆ ನನ್ನೂ ಕಿತ್ತು ಹಾಕಿ. ಈ ಸಾಲು ಮಾತ್ರ ಗುಂಡಿಗೇ.’

ಯಜಮಾನರು ತಡೆಯುವುದಿಲ್ಲ. ಸಾಲು ಬರಿದಾಗುತ್ತದೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಹಾಲಕ್ಕ ಸೋಪು ಹಚ್ಚಿ ಕೈ ಉಜ್ಜುತ್ತಲೇ ಹೇಳುತ್ತಾರೆ: ‘ಈ ಬಾಗಿಲಿಗೆ ಒಳಗಡೆಯಿಂದ ಚಿಲಕ ಹಾಕಿಸ್ಬೇಕು. ನಾಳೆ ಬೆಳಿಗ್ಗೆನೇ ಯಜಮಾನ್ರನ್ನ ಕೇಳ್ತೀನಿ.’

ಯಜಮಾನರು ಕೊಟ್ಟ ಮಾತು ಇವತ್ತು ಮುರಿಯಿತು.