ಡೂಗಲ್ ವೆಲ್ಡರನ್ನು ಕರೆದದ್ದು

ಹಡಗು ಕಟ್ಟುವ ಗೋವನ್ ಊರಿನ ನಮ್ಮ ಬೀದಿಯಲ್ಲಿ ಭಾನುವಾರ ಯಾರಿಗೂ ಅಲಾರಂ ಬೇಕಿರಲಿಲ್ಲ, ಡೂಗಲ್ ಮೆಕಾಸ್ಕಿಲ್‌ನ ಸುತ್ತಿಗೆಯೇ ಸಾಕಿತ್ತು. ಹಡಗುಕಟ್ಟೆಯಲ್ಲಿ ತಗಡು ಜೋಡಿಸುವ ರಿವೆಟ್ ಮೊಳೆ ಬಡಿಯುತ್ತಿದ್ದವನು ಅವನು. ವೆಲ್ಡಿಂಗ್ ಬಂದು ರಿವೆಟ್ಟಿನವರನ್ನೆಲ್ಲ ಮನೆಗೆ ಕಳಿಸಿದ ಮೇಲೆ ಗೋದಾಮು ಕಾಯ್ದು ನಿವೃತ್ತನಾದ. ಅವನ ತೋಳು ಮಾತ್ರ ನಿವೃತ್ತಿಗೆ ಒಪ್ಪಲಿಲ್ಲ. ಹಳೇ ಬ್ರೆಡ್ ವ್ಯಾನೊಂದನ್ನು ತಂದು, ತುಕ್ಕು ತಿಂದ ತಗಡು ಕಿತ್ತು, ಹೊಸದಕ್ಕೆ ರಿವೆಟ್ ಹೊಡೆಯತೊಡಗಿದ.

ರಿವೆಟ್ಟಿಗೆ ಇಬ್ಬರು ಬೇಕು. ಹೊರಗೆ ಬಡಿಯುವವನೊಬ್ಬ, ಒಳಗಿನಿಂದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯುವವನೊಬ್ಬ. ಒಳಗಿನ ಕೆಲಸ ಹೆಂಡತಿ ಐಸಾಳ ಪಾಲಿಗೆ ಬಂದಿತ್ತು.

“ಗಟ್ಟಿಯಾಗಿ ಹಿಡ್ಕೊಳ್ಳೇ!”

“ಹಿಡ್ಕೊಂಡೇ ಇದೀನ್ರೀ. ವೆಲ್ಡ್ ಮಾಡಿಸಿದ್ರೆ ಇಷ್ಟೊತ್ತಿಗೆ ಆರನ್‌ನಲ್ಲಿ ಕಾಲು ಚಾಚ್ಕೊಂಡು ಕೂತಿರ್ತಿದ್ದೆ.”

“ಆ ಅಂಟು ಹಾಕೋರ ಸುದ್ದಿ ಎತ್ತಬೇಡ.”

ಐಸಾ ಹುಟ್ಟಿದ್ದು ಆರನ್ ದ್ವೀಪದಲ್ಲಿ. ಮಂಡಿ ಪೂರ್ತಿ ಕೈಕೊಡುವ ಮೊದಲು ಒಂದು ಬೇಸಿಗೆ ಅಲ್ಲಿ ಕಳೆಯಬೇಕೆಂದು ಅವಳ ಆಸೆ. ವ್ಯಾನು ಬಂದದ್ದೇ ಅದಕ್ಕೆ. ಇನ್ನು ಅಂಟು ಹಾಕುವವನೆಂದರೆ ಅವಳ ಸ್ವಂತ ತಮ್ಮ ಹೆಕ್ಟರ್, ಅದೇ ಕಟ್ಟೆಯ ವೆಲ್ಡರ್. ಹೊಸ ವರ್ಷದ ಊಟಕ್ಕೆ ಬಂದಾಗಲೂ ಭಾವ ಅವನೊಂದಿಗೆ ಹವಾಮಾನ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ.

ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ವಾರ್ಷಿಕ ಪರೀಕ್ಷೆಗೆ ವ್ಯಾನು ಹೋಯಿತು. ಪರೀಕ್ಷಕ ಕೆಳಗೆ ತೂರಿ ನೋಡಿ ಎದ್ದ.

“ಪಕ್ಕದ ತಗಡು ಸೊಗಸಾಗಿದೆ, ರಿವೆಟ್ಟೇ ಇರ್ಲಿ. ಆದ್ರೆ ಅಡಿಪಟ್ಟಿ ಭಾರ ಹೊರೋದು ಸ್ವಾಮಿ, ಅದಕ್ಕೆ ವೆಲ್ಡೇ ಆಗ್ಬೇಕು.”

“ಈ ಕೈ ಬಡಿದ ಹಡಗು ಅಟ್ಲಾಂಟಿಕ್ ದಾಟಿದೆ!”

“ದಾಟಿರ್ಬಹುದು. ಇದು ಗೋವನ್ ರಸ್ತೆ ದಾಟಲ್ಲ.”

ಐಸಾ ತಮ್ಮನ ಬಳಿ ಹೋದಳು. ಹೆಕ್ಟರ್ ಆಗದೆಂದು ತಲೆಯಾಡಿಸಿಬಿಟ್ಟ. ಒಂದು ಕಸುಬಿನವನು ಹಿಡಿದ ಕೆಲಸವನ್ನು ಅವನೇ ಬಾಯಿಬಿಟ್ಟು ಕೊಡದೆ ಇನ್ನೊಂದು ಕಸುಬಿನವನು ಮುಟ್ಟುವಂತಿಲ್ಲ ಎಂಬುದು ಹಡಗುಕಟ್ಟೆಯ ಕಟ್ಟಳೆ. ಅದಕ್ಕಾಗಿ ನಮ್ಮಲ್ಲಿ ಮುಷ್ಕರಗಳೇ ನಡೆದಿವೆ. “ಭಾವನೇ ಬಂದು ಹೇಳ್ಲಿ ಅಕ್ಕಾ” ಎಂದನಂತೆ.

“ಅವನ ಬಾಗಿಲಿಗೆ ನಾನಾ?” ಎಂದು ಡೂಗಲ್ ಮುಖ ಊದಿಸಿಕೊಂಡು ಕೂತ. ಐಸಾ ಜಗಳವಾಡಲಿಲ್ಲ. ಊರಿಗೆಂದು ಪೆಟ್ಟಿಗೆಗೆ ತುಂಬಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ಜೋಡಿಸತೊಡಗಿದಳು. ಅವನಿಗೆ ಅದನ್ನು ನೋಡಲಾಗಲಿಲ್ಲ. ಟೋಪಿ ಹಾಕಿಕೊಂಡು ಹೊರಟ. ಜೊತೆಗೆ ನನ್ನನ್ನೂ ಎಳೆದುಕೊಂಡ, ಪಕ್ಕದ ಮನೆಯವನ ಹಣೆಬರಹ!

ಹೆಕ್ಟರ್ ಬಾಗಿಲು ತೆರೆದ.

“ಮೋಡ ಕವೀತಿದೆ” ಎಂದ ಡೂಗಲ್.

“ಹೌದು ಭಾವ, ಕವೀತಿದೆ.”

“ಗಾಳಿನೂ ಇದೆ.”

“ಇದೆ.”

ನಾನು ಡೂಗಲ್‌ನನ್ನು ಮೊಣಕೈಯಿಂದ ತಿವಿದೆ.

“ಅಡಿಪಟ್ಟಿ… ನೀನೇ ಮಾಡ್ಕೊಡ್ಬೇಕಪ್ಪ.”

ಭಾನುವಾರ ಹೆಕ್ಟರ್ ಬಂದು ವ್ಯಾನಿನಡಿ ಮಲಗಿದ. ಕಿಡಿ ಹಾರಿ ಬೆಂಕಿ ಹತ್ತೀತೆಂದು ಒದ್ದೆ ಗೋಣಿ, ನೀರಿನ ಬಕೆಟ್ ಹಿಡಿದು ಒಳಗೆ ಕಾವಲು ನಿಂತವನು ನಮ್ಮ ಡೂಗಲ್. ಐಸಾ ಹೊರಗೆ ಕುರ್ಚಿ ಹಾಕಿಕೊಂಡು ಚಹಾ ಕುಡಿದಳು. ಅವಳ ಮುಖದ ಕಳೆ ನೋಡಿ ನನಗೂ ಖುಷಿಯಾಯಿತು. ವ್ಯಾನು ಮುಂದೆ ಪರೀಕ್ಷೆಯಲ್ಲೂ ಪಾಸಾಯಿತು, ಆರನ್‌ಗೂ ಹೋಯಿತು.

ಆದರೆ ಆ ಭಾನುವಾರದ ಸಂಜೆಯದು ಹೇಳಬೇಕು. ಕೆಲಸ ಮುಗಿದ ಮೇಲೆ ಡೂಗಲ್ ನೆಲಕ್ಕೆ ಮಂಡಿಯೂರಿ ವೆಲ್ಡಿನ ಗೆರೆಯುದ್ದಕ್ಕೂ ಹೆಬ್ಬೆರಳು ಎಳೆದ. ಹುಳುಕು ಹುಡುಕುತ್ತಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ಆ ತುದಿಯಿಂದ ಮತ್ತೆ ಈ ತುದಿಗೆ ಬಂದ.

“ಒಳ್ಳೆ ಕೆಲಸ ಕಣೋ, ಹೆಕ್ಟರ್” ಎಂದ.

“ಅಯ್ಯೋ, ನನ್ನ ಸೂಪಿಗೂ ಇವರು ಇಷ್ಟು ಹೇಳಿಲ್ಲ” ಎಂದಳು ಐಸಾ.

ಹೆಕ್ಟರ್ ಹಣೆಯ ಮೇಲಿದ್ದ ವೆಲ್ಡಿಂಗ್ ಮುಖವಾಡವನ್ನು ಸರಕ್ಕನೆ ಕೆಳಕ್ಕೆಳೆದುಕೊಂಡ. ವೆಲ್ಡ್ ಮಾಡಲು ಅಲ್ಲಿ ಇನ್ನೇನೂ ಉಳಿದಿರಲಿಲ್ಲ.