ಅಜ್ಜಿಯ ಸಮಾಧಿ ಪಕ್ಕದ ಮಣ್ಣು

ಅರಿಸಿನದ ಕೊಂಬು ಮುರಿಯಲಿಲ್ಲ.

ಗುಂಡ್ಲುಪೇಟೆಯಲ್ಲಿ ಅರಿಸಿನ ಕೊಂಡು ಮಾರುವ ಹೆಂಗಸು, ನನಗೆ ಗೊತ್ತಿರುವಂತೆ, ನಾನೊಬ್ಬಳೇ. ಕೊಂಬನ್ನು ಟಕ್ಕನೆ ಮುರಿದು, ಹಲ್ಲಿನಲ್ಲಿ ಕಚ್ಚಿ ನೋಡಿ, ರೇಟು ಹೇಳಿದರೆ ಮುಗಿಯಿತು. ಈ ವಿದ್ಯೆಯನ್ನು ಯಾರೂ ಹೇಳಿಕೊಟ್ಟಿಲ್ಲ, ನಾನೇ ಕಲಿತದ್ದು. ಆ ದಿನ ಬಲಗೈ ಮಣಿಕಟ್ಟಿನಿಂದ ಜೋತುಬಿತ್ತು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಹೊಟ್ಟೆ ಹಿಂಡುತ್ತಿತ್ತು. ಗ್ಯಾಸ್ ಇರಬೇಕು ಅಂತ ಸುಮ್ಮನಿದ್ದೆ. ನೀವು ಹಾಗೆ ಇರಬೇಡಿ.

ಬ್ಲಡ್ ರಿಪೋರ್ಟಿನಲ್ಲಿ ಸೀಸ ಬಂತು. ಹೊಟ್ಟೆ ಹಿಂಡಿದ್ದಕ್ಕೂ ಕೈ ಬಿದ್ದದ್ದಕ್ಕೂ ಆ ವಿಷವೇ ಕಾರಣವಂತೆ.

“ನಿಮ್ಮ ಕಡೆ ಮಣ್ಣಿನಲ್ಲೇ ಇದೆಯಾ, ಒಂದು ಸಲ ನೋಡಿಸಿ,” ಎಂದರು ಡಾಕ್ಟರ್. ಹೇಳಿದ್ದು ಅಷ್ಟೇ. ನಮ್ಮೂರು ಉಡಿಗಾಲದಲ್ಲಿ ಅರಿಸಿನ ಬೆಳೆಯುವ ನನ್ನ ತಮ್ಮ ಮಾದೇವನ ಕಿವಿಗೆ ಬೀಳುವಷ್ಟರಲ್ಲಿ ಅದು ಬೇರೆಯೇ ಆಗಿತ್ತು.

“ನಮ್ಮೂರ್ ಮಣ್ಣೇ ವಿಸ ಅಂತಾವ್ರೆ. ಈ ಸಲ ನಮ್ ಅರಿಸ್ನವ ಯಾರೂ ಮುಟ್ಟಕಿಲ್ಲ ಕಣಕ್ಕ.”

ಕೈ ಹೋದದ್ದಕ್ಕಿಂತ ಈ ಮಾತು ಹೆಚ್ಚು ನೋಯಿಸಿತು. ನಾನು ಹುಟ್ಟಿದ ಮಣ್ಣು ಅದು. ಅದರ ಬೆಳೆಯನ್ನು ಒಂದು ದಿನವೂ ತಲೆ ತಗ್ಗಿಸಿ ಮಾರಿದವಳಲ್ಲ.

ಮಣ್ಣು ಪರೀಕ್ಷಿಸುವ ಲ್ಯಾಬಿನವರು ಹೊಲದ ಮಣ್ಣಿನ ಜೊತೆ ಗೊಬ್ಬರ, ಔಷಧಿ ಏನೂ ಸೋಕದ ಮಣ್ಣನ್ನೂ ತರಲು ಹೇಳಿದರು. ಸೀಸ ಎಲ್ಲ ಮಣ್ಣಿನಲ್ಲೂ ಹುಟ್ಟಿನಿಂದಲೇ ಚೂರು ಇರುತ್ತದಂತೆ. ಅದರ ಮೇಲೆ ಎಷ್ಟು ಸೇರಿದೆ ಎಂಬುದನ್ನೇ ನೋಡಬೇಕಂತೆ. ನೇಗಿಲು ಕಾಣದ ಜಾಗ ನಮ್ಮಲ್ಲಿರುವುದು ಒಂದೇ. ಹೊಲದಂಚಿನಲ್ಲಿ, ಅಜ್ಜಿಯ ಸಮಾಧಿಯ ಪಕ್ಕ.

ಮಾದೇವ ಗುದ್ದಲಿ ಹಿಡಿದು ಅನುಮಾನಿಸಿದ. “ಅಜ್ಜಿ ಎದ್ ಬಂದು ರೇಟ್ ಕೇಳ್ತದ ನೋಡು.”

“ಕೇಳ್ಲಿ. ನಾನ್ ಮಾತಾಡ್ಕತೀನಿ, ನೀನ್ ಅಗಿ.”

ಮಣ್ಣಿನ ಜೊತೆ ಅವನ ಅರಿಸಿನವನ್ನೂ, ಹೊರಗಿನ ವ್ಯಾಪಾರಿಗಳು ನನಗೆ ಮಾರುತ್ತಿದ್ದ ಫಳಫಳ ಪಾಲಿಶ್ ಕೊಂಬುಗಳನ್ನೂ ಕೊಟ್ಟೆ. ನಾಲ್ಕು ಟೆಸ್ಟಿಗೂ ಸೇರಿಸಿ ಚೌಕಾಸಿ ಮಾಡಿದೆ, ಜೋತುಬಿದ್ದ ಕೈಯಲ್ಲೇ.

ರಿಪೋರ್ಟ್ ಬಂತು. ಹೊಲದ ಮಣ್ಣೂ ಅಜ್ಜಿಯ ಪಕ್ಕದ ಮಣ್ಣೂ ಒಂದೇ. ಎರಡರಲ್ಲೂ ಹುಟ್ಟಿನಿಂದ ಬಂದ ಆ ಚೂರು ಮಾತ್ರ. ಮಾದೇವನ ಅರಿಸಿನದಲ್ಲಿ ತೊಂದರೆಯಿಲ್ಲ. ಸೀಸ ತುಂಬಿದ್ದು ಪಾಲಿಶ್ ಕೊಂಬಿಗೆ ಬಳಿದ ಬಣ್ಣದಲ್ಲಿ. ವರ್ಷಗಟ್ಟಲೆ ದಿನಾ ಅದನ್ನು ಕಚ್ಚಿದ್ದು ನನ್ನ ಹಲ್ಲು.

ನನ್ನ ವಿದ್ಯೆಯೇ ನನ್ನ ಕೈ ತೆಗೆದಿತ್ತು.

ಕಚ್ಚುವುದು ಬಿಟ್ಟೆ. ಮಾತ್ರೆ ನುಂಗಿದೆ, ಫಿಸಿಯೋಥೆರಪಿ ಮಾಡಿಸಿಕೊಂಡೆ. ಮಣ್ಣಿನ ರಿಪೋರ್ಟಿನ ಜೆರಾಕ್ಸನ್ನು ಅಂಗಡಿ ಬಾಗಿಲಿಗೆ ಅಂಟಿಸಿದ್ದೇನೆ, ಬಂದು ಓದಿ. ಅರಿಸಿನ ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ಮುರಿದು ಮೂಸಿ ನೋಡಿ, ಸಾಕು.

ಕಳೆದ ವಾರ ಮಾದೇವ ಹೊಸ ಬೆಳೆ ತಂದ. ಕೊಳ್ಳುವವರೊಬ್ಬರು ಎದುರಿಗೇ ಕೂತಿದ್ದರು. ಕೊಂಬು ನನ್ನ ಬೆರಳಿನಿಂದ ಎರಡು ಸಲ ಜಾರಿತು.

“ಕೊಡಕ್ಕ, ನಾ ಮುರಿತೀನಿ.”

“ಸುಮ್ನಿರ್ಲಾ.”

ಮೂರನೇ ಸಲ ಟಕ್ಕೆಂದಿತು. ಮೂಸಿದೆ. ಅವರು ಎಲ್ಲಿಯದು ಎಂದು ಕೇಳುವ ಮೊದಲೇ ಹೇಳಿದೆ:

“ಉಡಿಗಾಲದ್ದು.”