ಸೊರಬಕ್ಕೆ ತಿರುಗಿಸಿದ ಬಸ್ಸು

೧೯೯೪ರಲ್ಲಿ ನಾನು ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ ಇಪ್ಪತ್ತೆರಡು ಕೋಣೆಗಳ ಒಂದು ಲಾಡ್ಜಿನಲ್ಲಿ ಮ್ಯಾನೇಜರ್ ಆಗಿದ್ದೆ. ಮಾಲೀಕರು ಮಂಡಿ ವ್ಯಾಪಾರದ ರುದ್ರಪ್ಪನವರು. ವಾರವಿಡೀ ಮಾರುಕಟ್ಟೆಗೆ ಬಂದ ಖರೀದಿದಾರರು ಇಳಿದುಕೊಳ್ಳುತ್ತಿದ್ದರು. ಶನಿವಾರ ಮಾತ್ರ ಬೆಂಗಳೂರಿನ ಪ್ರವಾಸ ಏಜೆಂಟ್ ಕೃಷ್ಣಮೂರ್ತಿಯವರ ಬಸ್ಸು. ನಲವತ್ತು ಜನ ನಮ್ಮಲ್ಲಿ ಸಾಮಾನಿಟ್ಟು, ಬಳ್ಳಿಗಾವಿ, ತಾಳಗುಂದ ನೋಡಿ ಬಂದು ತಂಗಿ, ಮರುದಿನ ಸೊರಬದ ಮೇಲೆ ಬನವಾಸಿಗೆ ಹೋಗುತ್ತಿದ್ದರು.

ಒಬ್ಬರು ಖಾಲಿ ಮಾಡಿದ ಕೋಣೆ ಇನ್ನೊಬ್ಬರಿಗೆ ಸಿದ್ಧವಾಗಲು ಹಿಡಿಯುವ ಸಮಯಕ್ಕೆ ನಮ್ಮ ಕಸುಬಿನಲ್ಲಿ ಟರ್ನ್‌ಅರೌಂಡ್ ಎನ್ನುತ್ತಾರೆ. ನಮ್ಮಲ್ಲಿ ಹಾಸಿಗೆಗೆ ಇದ್ದದ್ದು ಒಂದೇ ಜೊತೆ ಚಾದರ. ಅದು ತಾರಸಿಯ ಮೇಲೆ ಒಣಗುವ ತನಕ ಕೋಣೆಗೆ ಬೀಗ. ಇನ್ನೊಂದು ಜೊತೆ ಬೇಕೆಂದು ರುದ್ರಪ್ಪನವರಿಗೆ ಮೂರು ಸಲ ಬರೆದುಕೊಟ್ಟಿದ್ದೆ.

ಆಗಸ್ಟ್‌ನ ಒಂದು ಶನಿವಾರ ಬಿಸಿಲೇ ಬೀಳಲಿಲ್ಲ. ಮಧ್ಯಾಹ್ನ ಬಸ್ಸು ಬಂದಾಗ ಚಾದರಗಳು ಹಸಿಯಾಗಿಯೇ ಇದ್ದವು. ಬಂದವರು ಎರಡು ಗಂಟೆ ಮೆಟ್ಟಿಲ ಮೇಲೆ ಕೂತರು. ಬಸ್ಸಿನೊಂದಿಗೆ ಬಂದಿದ್ದ ಕೃಷ್ಣಮೂರ್ತಿ ರೇಗಿದಾಗ ರುದ್ರಪ್ಪ ಎಲ್ಲರೆದುರು ನನ್ನತ್ತ ಬೆರಳು ತೋರಿಸಿದರು.

"ಇವ್ನಿಗೆ ಕೆಲ್ಸ ಬರಂಗಿಲ್ರೀ. ಮುಂಜಾನಿಂದ ಬಿದ್ಕಂಡಿದ್ದ. ಇವತ್ತೇ ಕಳಸ್ತೀನಿ."

"ಸಾವ್ಕಾರ್ರೇ, ಚಾದರ ಕೇಳಿ ಬರ್ದ ಕಾಗ್ದ ನಿಮ್ಮತ್ರಾನೇ ಐತಲ್ರೀ?"

"ಯಾವ ಕಾಗ್ದ?" ಅಂದರು.

ನಲವತ್ತು ಜನರ ಕಣ್ಣೆದುರು ಪೆಟ್ಟಿಗೆ ಹಿಡಿದು ಇಳಿದು ಬಂದೆ. ಆ ಬಸ್ಸನ್ನು ರುದ್ರಪ್ಪನವರಿಂದ ಕಿತ್ತುಕೊಳ್ಳಬೇಕು ಎಂಬ ಒಂದೇ ಯೋಚನೆ ತಲೆಯಲ್ಲಿತ್ತು.

ಸೊರಬದಲ್ಲಿ ಗೌರಕ್ಕ ಎಂಬ ವಿಧವೆ ಹನ್ನೆರಡು ಕೋಣೆಗಳ ಲಾಡ್ಜು ನಡೆಸುತ್ತಿದ್ದರು. ಅಲ್ಲಿ ಸೇರಿಕೊಂಡೆ. ಹಾಸಿಗೆಗೆ ಮೂರು ಜೊತೆ ಚಾದರ ತರಿಸಿದೆ. ಇಬ್ಬಿಬ್ಬರು ಜೋಡಿಯಾಗಿ ಒಂದು ಕೋಣೆಯನ್ನು ಇಪ್ಪತ್ತು ನಿಮಿಷದಲ್ಲಿ ಸಿದ್ಧಪಡಿಸುವಂತೆ ಗಡಿಯಾರ ಹಿಡಿದು ಕಲಿಸಿದೆ. ಬಸ್ ಡ್ರೈವರನಿಗೂ ಒಳ್ಳೆಯ ಹಾಸಿಗೆ ಕೊಟ್ಟೆ. ರುದ್ರಪ್ಪನವರ ಅಡುಗೆಯವನನ್ನು, ಕೋಣೆ ನೋಡುತ್ತಿದ್ದ ಬಸಮ್ಮನನ್ನು ಒಬ್ಬೊಬ್ಬರಾಗಿ ಕರೆಸಿಕೊಂಡೆ. ಆ ಕೋಣೆಗಳ ದುರವಸ್ಥೆಯನ್ನು ಕೃಷ್ಣಮೂರ್ತಿಯವರಿಗೆ ಫೋನಿನಲ್ಲಿ ಬಣ್ಣಿಸಿ ಹೇಳಿದೆ. ಆರು ತಿಂಗಳಲ್ಲಿ ಬಸ್ಸು ನಮ್ಮಲ್ಲಿಗೆ ತಿರುಗಿತು. ಕೋಣೆಗೆ ಮೂರು ನಾಲ್ಕು ಜನರಂತೆ ಹೊಂದಿಸಿದೆ. ಶಿಕಾರಿಪುರದ ಲಾಡ್ಜಿನ ಮೇಲಿನ ಅಂತಸ್ತಿಗೆ ಬೀಗ ಬಿತ್ತೆಂದು ಕೇಳಿದ ದಿನ ಎರಡು ಕಪ್ ಕಾಫಿ ಕುಡಿದೆ. ಅಷ್ಟು ಖುಷಿ.

ಮರುವರ್ಷ ಡಿಸೆಂಬರಿನಲ್ಲಿ ಕೃಷ್ಣಮೂರ್ತಿ ಫೋನ್ ಮಾಡಿದರು. "ಈ ಸಲ ಎರಡು ಬಸ್ ಒಟ್ಟಿಗೆ ಬರ್ತವೆ. ಒಂದನ್ನ ನೀವು ಇಟ್ಕೊಳ್ಳಿ. ಇನ್ನೊಂದಕ್ಕೆ ಶಿಕಾರಿಪುರದಲ್ಲಿ ಹೇಳಬಹುದಾ?"

ಅಷ್ಟರಲ್ಲಿ ರುದ್ರಪ್ಪನವರೂ ಹೊಸ ಚಾದರ ತರಿಸಿದ್ದರು. ಊರಿಗೆ ಹೋಗಿಬಂದ ಬಸಮ್ಮನೇ ಹೇಳಿದ್ದಳು. ಆದರೂ ಅಂದೆ, "ಅಲ್ಲಿ ಮನುಷ್ಯರು ಉಳಿಯೋ ಹಾಗಿಲ್ಲ ಸಾರ್."

"ಹಾಗಾದ್ರೆ ಒಂದಕ್ಕೂ ಬೇಡ ಬಿಡಿ. ಎರಡೂ ಬಸ್ಸು ಒಂದೇ ಸೀಮೆಯಲ್ಲಿ ಉಳೀಬೇಕು. ಎರಡನ್ನೂ ಸಾಗರಕ್ಕೆ ಕಳಿಸ್ತೀನಿ. ಅಲ್ಲೇ ಜೋಗ ಇದೆ."

ಎರಡು ಬಸ್ಸುಗಳೂ ಸಾಗರಕ್ಕೆ ಹೋದವು. ಮುಂದಿನ ಶನಿವಾರವೂ ಅಲ್ಲಿಗೇ. ಬಳ್ಳಿಗಾವಿ, ಬನವಾಸಿಗಳೇ ಅವರ ಪಟ್ಟಿಯಿಂದ ಬಿಟ್ಟುಹೋದವು. ನಡೆದದ್ದನ್ನು ಗೌರಕ್ಕನಿಗೆ ಹೇಳಿದೆ.

"ಮ್ಯಾನೇಜರ್ರೇ, ನಿಮ್ಮ ಸಿಟ್ಟಿಗೆ ನನ್ನ ಮನೆ ಯಾಕ್ರೀ ಖಾಲಿ ಮಾಡಿದ್ರಿ?" ಅಂದರು.

ಮರುದಿನವೇ ಶಿಕಾರಿಪುರಕ್ಕೆ ಹೋಗಿ ರುದ್ರಪ್ಪನವರ ಎದುರು ಕೂತೆ. ಕ್ಷಮೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಫೋನಿನಿಂದಲೇ ಕೃಷ್ಣಮೂರ್ತಿಯವರಿಗೆ, ಎರಡೂ ಊರು ಸೇರಿ ಮೂವತ್ತನಾಲ್ಕು ಕೋಣೆ ಕೊಡುತ್ತೇವೆ ಎಂದೆ. ಸಾಗರದವರೊಂದಿಗೆ ಎರಡು ವರ್ಷದ ಮಾತು ಆಗಿಹೋಗಿದೆ ಎಂದರು ಅವರು.

ಪ್ರವಾಸಿ ಒಂದು ಲಾಡ್ಜನ್ನು ನಂಬಿ ಹೊರಡುವುದಿಲ್ಲ, ಒಂದು ಸೀಮೆಯನ್ನು ನಂಬಿ ಹೊರಡುತ್ತಾನೆ. ಪಕ್ಕದೂರಿನ ಲಾಡ್ಜು ಚೆನ್ನಾಗಿದ್ದರಷ್ಟೇ ನಮ್ಮ ಇಪ್ಪತ್ತು ನಿಮಿಷಕ್ಕೆ ಬೆಲೆ. ಇದನ್ನು ಆಮೇಲೆ ನಾನು ತರಬೇತಿ ಕೊಟ್ಟ ಪ್ರತಿಯೊಬ್ಬ ಮ್ಯಾನೇಜರಿಗೂ ಹೇಳಿದ್ದೇನೆ. ರುದ್ರಪ್ಪನವರ ಮೇಲಿನ ಸಿಟ್ಟು ಹೋಯಿತೇ ಎಂದು ಅವರಲ್ಲಿ ಕೆಲವರು ಕೇಳಿದ್ದುಂಟು. ಹೋಗಿಲ್ಲ. ಆದರೆ ಆ ಸಿಟ್ಟಿನಲ್ಲಿ ಮತ್ತೆಂದೂ ಫೋನ್ ಎತ್ತಲಿಲ್ಲ.